ಎಡಿಸಿಗೆ ವೋಲ್ಟೇಜ್ ರೆಫರೆನ್ಸ್ ಆರಿಸುವುದು ಹೇಗೆ: ಬಿಟ್ ಎಣಿಸುವ ಮೊದಲು ಡ್ರಿಫ್ಟ್ ನೋಡಿ

ಎಡಿಸಿ ಅಂದರೆ ವೋಲ್ಟೇಜನ್ನು ಸಂಖ್ಯೆ ಮಾಡುವ ಸರ್ಕ್ಯೂಟ್, ರೆಫರೆನ್ಸ್ ಅಂದರೆ ಅದು ಹೋಲಿಸಿ ನೋಡುವ ಸ್ಥಿರ ವೋಲ್ಟೇಜು. ಎಡಿಸಿ ಕೊಡುವ ಸಂಖ್ಯೆ ಒಂದು ಪಾಲಿನ ಲೆಕ್ಕ. ಒಳಗೆ ಬಂದ ವೋಲ್ಟೇಜು ರೆಫರೆನ್ಸ್‌ನ ಎಷ್ಟನೇ ಪಾಲು ಅಂತ ಅದು ಹೇಳುತ್ತದೆ, ಅಷ್ಟೇ. 12 ಬಿಟ್‌ನ ಎಡಿಸಿ (ಒಟ್ಟು 4096 ಮೆಟ್ಟಿಲು) 2048 ಅಂತ ಕೊಟ್ಟರೆ ‘ರೆಫರೆನ್ಸ್‌ನ ಅರ್ಧ’ ಅಂತ ಅರ್ಥ. ರೆಫರೆನ್ಸ್ 2.500 ವೋಲ್ಟ್ ಇದ್ದರೆ ಅದು 1.250 ವೋಲ್ಟ್. ರೆಫರೆನ್ಸ್ ಸದ್ದಿಲ್ಲದೆ 2.525ಕ್ಕೆ ಸರಿದಿದ್ದರೆ ನಿಜವಾಗಿ ಒಳಗಿರುವುದು 1.2625, ಆದರೆ ನಿಮ್ಮ ಪ್ರೋಗ್ರಾಂ ಇನ್ನೂ 1.250 ಅಂತಲೇ ತೋರಿಸುತ್ತಿರುತ್ತದೆ. ತೂಕದ ಕಲ್ಲೇ ಸರಿಯಿಲ್ಲದ ಮೇಲೆ ತಕ್ಕಡಿ ಎಷ್ಟು ನಯವಾಗಿದ್ದರೇನು ಬಂತು?

ಆದರೂ ನಡೆಯುವುದು ಹೀಗೆ: 16 ಬಿಟ್ ಬೇಕೋ 24 ಬಿಟ್ ಬೇಕೋ ಅಂತ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ರೆಫರೆನ್ಸ್ ಜಾಗಕ್ಕೆ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಅಥವಾ ಸುಮ್ನೆ 5 ವೋಲ್ಟ್ ಸಪ್ಲೈಯನ್ನೇ ಕೊಟ್ಟುಬಿಡುತ್ತಾರೆ. ಆರ್ಡ್ವಿನೋ ಊನೋದಲ್ಲಿ ನೀವೇನೂ ಹೇಳದಿದ್ದರೆ ಆಗುವುದೂ ಇದೇ. ಯುಎಸ್‌ಬಿಯಿಂದ ಬರುವ 5 ವೋಲ್ಟ್ 4.75ರಿಂದ 5.25ರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಕೇಬಲ್ ಬದಲಿಸಿದರೂ ಬದಲಾಗಬಹುದು. ಅಂದರೆ ಆಚೀಚೆ ಶೇಕಡಾ 5ರಷ್ಟು ತಪ್ಪು. ಹತ್ತು ಬಿಟ್ ಇದ್ದರೂ ನಿಖರತೆಯಲ್ಲಿ ಉಳಿಯುವುದು ನಾಲ್ಕೋ ಐದೋ ಬಿಟ್.

ಮೊದಲ ಪ್ರಶ್ನೆ: ರೆಫರೆನ್ಸ್ ನಿಜವಾಗಿಯೂ ಬೇಕಾ?

ಎಷ್ಟೋ ಸರ್ಕ್ಯೂಟ್‌ಗಳಿಗೆ ಬೇಡ. ಇದನ್ನು ಮೊದಲೇ ಕೇಳಿಕೊಂಡರೆ ಉಳಿದ ತಲೆನೋವೇ ಇರುವುದಿಲ್ಲ.

ಪೊಟೆನ್ಶಿಯೋಮೀಟರ್ ತೆಗೆದುಕೊಳ್ಳಿ. ಅದರ ಎರಡು ತುದಿಗಳು ಸಪ್ಲೈ ಮತ್ತು ಗ್ರೌಂಡ್‌ಗೆ ಸೇರಿವೆ, ನಡುವಿನ ಕಾಲು ಎಡಿಸಿಗೆ. ಎಡಿಸಿಯ ರೆಫರೆನ್ಸ್ ಕೂಡ ಅದೇ ಸಪ್ಲೈ ಆಗಿದ್ದರೆ, ಸಪ್ಲೈ ಶೇಕಡಾ 3 ಏರಿದಾಗ ಎರಡೂ ಒಟ್ಟಿಗೇ ಏರುತ್ತವೆ, ಪಾಲು ಹಾಗೇ ಉಳಿಯುತ್ತದೆ. ಥರ್ಮಿಸ್ಟರ್‌ಗೆ ಒಂದು ರೆಸಿಸ್ಟರ್ ಜೋಡಿಸಿ, ವೋಲ್ಟೇಜನ್ನು ಪಾಲು ಮಾಡಲು ಮಾಡಿದ ಡಿವೈಡರ್‌ಗೂ ಇದೇ ಮಾತು. ಭಾರ ಅಳೆಯುವ ಲೋಡ್ ಸೆಲ್‌ಗೂ ಅಷ್ಟೇ. ಪ್ರತಿ ವೋಲ್ಟ್‌ಗೆ 2 ಮಿಲಿವೋಲ್ಟ್ ಕೊಡುವ ಲೋಡ್ ಸೆಲ್‌ಗೆ 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ 10 ಮಿಲಿವೋಲ್ಟ್ ಬರುತ್ತದೆ, ಆ 5 ವೋಲ್ಟನ್ನೇ ಎಡಿಸಿಯ ರೆಫರೆನ್ಸ್ ಪಿನ್‌ಗೂ ಕೊಡಿ, ಕೆಲಸ ಮುಗಿಯಿತು.

ಇಲ್ಲಿ ಒಂದು ವಿಚಿತ್ರ ಇದೆ. ಇಂಥ ಕಡೆ ದುಬಾರಿ ರೆಫರೆನ್ಸ್ ಹಾಕಿದರೆ ಸರ್ಕ್ಯೂಟ್ ಇನ್ನೂ ಕೆಡುತ್ತದೆ! ಲೋಡ್ ಸೆಲ್‌ಗೆ ಸಪ್ಲೈಯಿಂದ ವೋಲ್ಟೇಜು, ಎಡಿಸಿಗೆ ಅಲುಗಾಡದ ಬೇರೆ ರೆಫರೆನ್ಸ್. ಈಗ ಸಪ್ಲೈ ಅಲುಗಾಡಿದ್ದೆಲ್ಲ ನೇರವಾಗಿ ನಿಮ್ಮ ತೂಕದಲ್ಲಿ ಕಾಣುತ್ತದೆ, ಯಾಕೆಂದರೆ ಎರಡೂ ಕಡೆ ಒಟ್ಟಿಗೆ ಬದಲಾಗಿ ರದ್ದಾಗುತ್ತಿದ್ದ ತಪ್ಪನ್ನು ನೀವೇ ಕೈಯಾರೆ ಬಿಡಿಸಿಟ್ಟಿದ್ದೀರಿ.

ಪಿಟಿ100 ಥರದ, ಬಿಸಿಗೆ ರೆಸಿಸ್ಟೆನ್ಸ್ ಬದಲಿಸುವ ಆರ್‌ಟಿಡಿಗೂ ಈ ಉಪಾಯ ನಡೆಯುತ್ತದೆ. ಒಂದೇ ಕರೆಂಟನ್ನು ಆರ್‌ಟಿಡಿ ಮತ್ತು ಒಂದು ಒಳ್ಳೆಯ ರೆಸಿಸ್ಟರ್ ಎರಡರ ಮೂಲಕ ಹಾಯಿಸಿ, ರೆಸಿಸ್ಟರ್ ಮೇಲೆ ಬೀಳುವ ವೋಲ್ಟೇಜನ್ನು ಎಡಿಸಿಗೆ ರೆಫರೆನ್ಸ್ ಮಾಡಿ. ಕರೆಂಟ್ ಎಷ್ಟಿದ್ದರೂ ಚಿಂತೆಯಿಲ್ಲ. ಆಗ ಆ ರೆಸಿಸ್ಟರ್ರೇ ನಿಮ್ಮ ರೆಫರೆನ್ಸ್, ದುಡ್ಡು ಅದಕ್ಕೆ ಹಾಕಿ.

ಹಾಗಾದರೆ ನಿಜವಾದ ರೆಫರೆನ್ಸ್ ಬೇಕಾಗುವುದು ಎಲ್ಲಿ? ಅಳೆಯಬೇಕಾದ ವೋಲ್ಟೇಜು ನಿಮ್ಮ ಸಪ್ಲೈಗೆ ಸಂಬಂಧವೇ ಇಲ್ಲದೆ ತಾನಾಗಿ ಇರುವ ಕಡೆ. ಬ್ಯಾಟರಿ ವೋಲ್ಟೇಜ್, ಥರ್ಮೋಕಪಲ್, 4–20 ಮಿಲಿಆಂಪ್ ಲೂಪ್, ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಎಲ್‌ಎಂ35. ಮತ್ತೆ ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಡ್ಯಾಕ್‌ನಿಂದ ಇಂತಿಷ್ಟೇ ವೋಲ್ಟ್ ಹೊರಗೆ ಬರಬೇಕು ಅನ್ನುವಾಗ. ಮುಂದಿನದೆಲ್ಲ ಇಂಥವರಿಗೆ.

ಪಿಪಿಎಂ ಲೆಕ್ಕ

ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಶೇಕಡಾ 1 ಅಂದರೆ 10,000 ಪಿಪಿಎಂ. ಶೇಕಡಾ 0.1 ಅಂದರೆ 1000 ಪಿಪಿಎಂ. ಎಡಿಸಿಯ ಒಂದು ಮೆಟ್ಟಿಲು ಪೂರ್ತಿ ಅಳತೆಯ ಎಷ್ಟು ಪಿಪಿಎಂ ಅಂತ ಗೊತ್ತಿದ್ದರೆ ಉಳಿದದ್ದು ಮನಸ್ಸಲ್ಲೇ ಮಾಡಬಹುದು: 8 ಬಿಟ್‌ಗೆ 3906, 10 ಬಿಟ್‌ಗೆ 977, 12 ಬಿಟ್‌ಗೆ 244, 14 ಬಿಟ್‌ಗೆ 61, 16 ಬಿಟ್‌ಗೆ ಬರೀ 15.

ಈಗ ಡಿಗ್ರಿಗೆ 50 ಪಿಪಿಎಂ ಡ್ರಿಫ್ಟ್ (ಬಿಸಿಗೆ ವೋಲ್ಟೇಜು ಸರಿಯುವುದು) ಇರುವ ಸಾಧಾರಣ ರೆಫರೆನ್ಸ್ ಹಾಕಿದ್ದೀರಿ ಅಂದುಕೊಳ್ಳಿ. ಪೆಟ್ಟಿಗೆಯ ಒಳಗೆ 25 ಡಿಗ್ರಿಯಿಂದ 45 ಡಿಗ್ರಿಗೆ ಏರಿತು. 20 ಗುಣಿಸು 50, ಒಟ್ಟು 1000 ಪಿಪಿಎಂ. 12 ಬಿಟ್‌ನಲ್ಲಿ ಇದು ನಾಲ್ಕು ಮೆಟ್ಟಿಲು, ಹೇಗೋ ಸಹಿಸಬಹುದು. 16 ಬಿಟ್‌ನಲ್ಲಿ 65 ಮೆಟ್ಟಿಲು. ಅಂದರೆ ಕೆಳಗಿನ ಆರು ಬಿಟ್ ನಿಖರತೆಯ ಮಟ್ಟಿಗೆ ಇದ್ದೂ ಇಲ್ಲದ ಹಾಗೆ. 16 ಬಿಟ್‌ನಲ್ಲಿ ಆ 20 ಡಿಗ್ರಿಗೆ ಒಂದೇ ಮೆಟ್ಟಿಲೊಳಗೆ ನಿಲ್ಲಬೇಕಾದರೆ ಡಿಗ್ರಿಗೆ 0.75 ಪಿಪಿಎಂ ಸುತ್ತಮುತ್ತ ಇರಬೇಕು, ಅಂಥ ಮಾಲು ಮಾಮೂಲಿ ರೆಫರೆನ್ಸ್‌ಗಳಲ್ಲಿ ಸಿಗುವುದೇ ಅಪರೂಪ.

ಹಾಗಂತ 16 ಬಿಟ್ ದಂಡ ಅಂತಲ್ಲ. ಹತ್ತು ನಿಮಿಷದಲ್ಲಿ ಆದ ಸಣ್ಣ ಬದಲಾವಣೆ ನೋಡಬೇಕು, ಒಟ್ಟು ಬೆಲೆ ಸ್ವಲ್ಪ ಆಚೀಚೆ ಇದ್ದರೂ ಪರವಾಗಿಲ್ಲ ಅನ್ನುವ ಕೆಲಸಕ್ಕೆ ಅದು ಬೇಕೇ ಬೇಕು. ನಿಮಗೆ ಸೂಕ್ಷ್ಮತೆ ಬೇಕಾ, ನಿಖರತೆ ಬೇಕಾ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಎರಡೂ ಬೇಕು ಅಂದರೆ ರೆಫರೆನ್ಸ್‌ಗೆ ಎಡಿಸಿಗಿಂತ ಜಾಸ್ತಿ ಖರ್ಚಾದರೂ ಆಶ್ಚರ್ಯ ಪಡಬೇಡಿ.

ಕ್ಯಾಲಿಬ್ರೇಷನ್ ಆದ ಮೇಲೆ ಏನು ಉಳಿಯುತ್ತದೆ?

ನನ್ನ ಪ್ರಕಾರ ರೆಫರೆನ್ಸ್ ಆಯ್ಕೆ ಪೂರ್ತಿ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಡೇಟಾಶೀಟ್‌ನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಶೇಕಡಾ 0.02 ನಿಖರತೆ’ ಅಂತ ಇರುತ್ತದೆ. ಅದು 25 ಡಿಗ್ರಿಯಲ್ಲಿ, ಹೊಸದಾಗಿ, ಬೋರ್ಡಿಗೆ ಕೂರಿಸುವ ಮೊದಲಿನ ಮಾತು. ನೀವು ಪ್ರತಿ ಬೋರ್ಡನ್ನೂ ಒಳ್ಳೆಯ ಮೀಟರ್ ಇಟ್ಟು ಅಳೆದು, ತಿದ್ದುಪಡಿಯ ಸಂಖ್ಯೆಯನ್ನು ಪವರ್ ಹೋದರೂ ಅಳಿಯದ ಇಇಪ್ರಾಮ್‌ನಲ್ಲಿ ಬರೆದಿಡುತ್ತೀರಾದರೆ ಶುರುವಿನ ತಪ್ಪು ಶೇಕಡಾ 0.02 ಇದ್ದರೂ ಒಂದೇ, 0.2 ಇದ್ದರೂ ಒಂದೇ. ಅದಕ್ಕೆ ದುಡ್ಡು ಕೊಡಬೇಡಿ. ಅದೇ ದುಡ್ಡನ್ನು ಡ್ರಿಫ್ಟ್ ಕಡಿಮೆ ಇರುವುದಕ್ಕೆ ಹಾಕಿ, ಯಾಕೆಂದರೆ ಬಿಸಿಗೆ ಆಗುವ ಬದಲಾವಣೆಯನ್ನು ಒಂದು ಸಂಖ್ಯೆಯಲ್ಲಿ ತಿದ್ದಲು ಆಗುವುದಿಲ್ಲ. ತಿದ್ದಲೇಬೇಕು ಅಂದರೆ ಪ್ರತಿ ಬೋರ್ಡನ್ನೂ ಮೂರು ನಾಲ್ಕು ತಾಪಮಾನದಲ್ಲಿ ಅಳೆಯಬೇಕು, ಅದಕ್ಕಿಂತ ಒಳ್ಳೆಯ ಐಸಿ ಕೊಳ್ಳುವುದೇ ಅಗ್ಗ.

ಕ್ಯಾಲಿಬ್ರೇಷನ್ ಮಾಡುವುದೇ ಇಲ್ಲ, ಬೋರ್ಡ್ ಜೋಡಿಸಿ ಹಾಗೇ ಕಳಿಸುತ್ತೇವೆ ಅನ್ನುವವರಿಗೆ ಲೆಕ್ಕ ಉಲ್ಟಾ. ಆಗ ಶುರುವಿನ ನಿಖರತೆಯೇ ದೊಡ್ಡ ತಪ್ಪು, ಅದಕ್ಕೆ ದುಡ್ಡು ಕೊಡಲೇಬೇಕು.

ಇನ್ನೊಂದು ಮಾತು. ಶೇಕಡಾ 0.5 ತಪ್ಪು ತೋರಿಸುವ ಮಲ್ಟಿಮೀಟರ್ ಇಟ್ಟುಕೊಂಡು ಶೇಕಡಾ 0.1ರ ರೆಫರೆನ್ಸನ್ನು ‘ಸರಿ’ ಮಾಡಲು ಹೋದರೆ, ಇದ್ದ ನಿಖರತೆಯನ್ನೂ ಕಳೆದುಕೊಳ್ಳುತ್ತೀರಿ. ಮೀಟರಿನ ಪರದೆಯಲ್ಲಿ ಎಷ್ಟು ಅಂಕಿ ಕಾಣುತ್ತದೆ ಅನ್ನುವುದು ಬೇರೆ, ಅದರಲ್ಲಿ ಎಷ್ಟು ನಂಬಬಹುದು ಅನ್ನುವುದು ಬೇರೆ, ಅಲ್ವಾ?

ಡ್ರಿಫ್ಟ್ ಸಂಖ್ಯೆಯನ್ನು ಓದುವಾಗ ಸ್ವಲ್ಪ ಹುಷಾರು. ಬಹಳಷ್ಟು ಡೇಟಾಶೀಟ್‌ಗಳು ಪೆಟ್ಟಿಗೆ ಲೆಕ್ಕ (ಬಾಕ್ಸ್ ಮೆಥಡ್) ಬಳಸುತ್ತವೆ: ಇಡೀ ತಾಪಮಾನದ ಹರವಿನಲ್ಲಿ ಬಂದ ಅತಿ ಹೆಚ್ಚು ವೋಲ್ಟೇಜಿನಿಂದ ಅತಿ ಕಡಿಮೆಯದನ್ನು ಕಳೆದು, ಅದನ್ನು ಇರಬೇಕಾದ ವೋಲ್ಟೇಜಿನಿಂದಲೂ ತಾಪಮಾನದ ಹರವಿನಿಂದಲೂ ಭಾಗಿಸುವುದು. 2.5 ವೋಲ್ಟ್‌ನ ಐಸಿ, ಮೈನಸ್ 40ರಿಂದ 125 ಡಿಗ್ರಿವರೆಗೆ, ಡಿಗ್ರಿಗೆ 3 ಪಿಪಿಎಂ ಅಂದರೆ 165 ಗುಣಿಸು 3, ಅಂದರೆ 495 ಪಿಪಿಎಂ, ಅಂದರೆ ಸುಮಾರು 1.24 ಮಿಲಿವೋಲ್ಟ್ ಎತ್ತರದ ಪೆಟ್ಟಿಗೆಯೊಳಗೆ ವೋಲ್ಟೇಜು ಇರುತ್ತದೆ ಅಂತ ಕಂಪನಿ ಭರವಸೆ ಕೊಟ್ಟಿದೆ. ಆ ಪೆಟ್ಟಿಗೆಯೊಳಗೆ ಗೆರೆ ಹೇಗೆ ಓಡುತ್ತದೆ ಅಂತ ಹೇಳಿಲ್ಲ. ಅದು ಕಮಾನಿನ ಹಾಗೆ ಇರಬಹುದು, ಎಸ್ ಆಕಾರದಲ್ಲಿ ಇರಬಹುದು. ಹಾಗಾಗಿ ನಿಮಗೆ ಬೇಕಾದ 25ರಿಂದ 45ರ ನಡುವೆ ಡಿಗ್ರಿಗೆ 3ಕ್ಕಿಂತ ಜಾಸ್ತಿ ಓಡಿದರೂ ಅದು ಡೇಟಾಶೀಟ್‌ಗೆ ವಿರುದ್ಧವಲ್ಲ. ಅಂದಾಜಿಗೆ ಎಲ್ಲರೂ ನೇರವಾಗಿ ಗುಣಿಸುತ್ತಾರೆ, ನಾನೂ ಗುಣಿಸುತ್ತೇನೆ, ಆದರೆ ತೀರ ಅಂಚಿನಲ್ಲಿ ಲೆಕ್ಕ ಹಾಕಬೇಡಿ. ಮತ್ತೆ ‘ಟಿಪಿಕಲ್’ ಅನ್ನುವ ಕಾಲಂ ಬಿಟ್ಟು ‘ಮ್ಯಾಕ್ಸ್’ ಕಾಲಂ ನೋಡಿ. ಮ್ಯಾಕ್ಸ್ ಕಾಲಂ ಖಾಲಿ ಇದ್ದರೆ ಅದೂ ಒಂದು ಮಾಹಿತಿಯೇ.

ಬಿಸಿ ಬಿಟ್ಟರೆ ವಯಸ್ಸು. ರೆಫರೆನ್ಸ್ ಸುಮ್ನೆ ಕೂತಿದ್ದರೂ ತಿಂಗಳುಗಟ್ಟಲೆ ನಿಧಾನಕ್ಕೆ ಸರಿಯುತ್ತದೆ. ಡೇಟಾಶೀಟ್ ಇದನ್ನು ಸಾಮಾನ್ಯವಾಗಿ 1000 ಗಂಟೆಗೆ ಇಷ್ಟು ಪಿಪಿಎಂ ಅಂತ ಕೊಡುತ್ತದೆ. 1000 ಗಂಟೆ ಅಂದರೆ ಆರು ವಾರ, ವರ್ಷಕ್ಕೆ 8760 ಗಂಟೆ. ಹಾಗಂತ 8.76ರಿಂದ ಗುಣಿಸಬೇಡಿ. ಸರಿಯುವ ವೇಗ ದಿನ ಕಳೆದಂತೆ ಇಳಿಯುತ್ತದೆ, ವರ್ಗಮೂಲದ ಲೆಕ್ಕ ಹಿಡಿದರೆ ಸಾಕು, ಅಂದರೆ ವರ್ಷಕ್ಕೆ ಮೂರು ಪಟ್ಟು. ಶುರುವಿನ ಕೆಲವು ದಿನ ಬೋರ್ಡನ್ನು ಆನ್ ಮಾಡಿ ಬಿಟ್ಟು ಆಮೇಲೆ ಕ್ಯಾಲಿಬ್ರೇಟ್ ಮಾಡಿದರೆ ಆ ಜೋರು ಓಟದ ಒಂದಷ್ಟು ಭಾಗ ಕಳೆದಿರುತ್ತದೆ.

ಹಿಸ್ಟರಿಸಿಸ್ ಅಂತ ಇನ್ನೊಂದಿದೆ. 25 ಡಿಗ್ರಿಯಿಂದ ತಣ್ಣಗೆ ಮಾಡಿ, ಬಿಸಿ ಮಾಡಿ, ಮತ್ತೆ 25ಕ್ಕೆ ತಂದರೆ ವೋಲ್ಟೇಜು ಮೊದಲಿದ್ದ ಜಾಗಕ್ಕೆ ಪೂರ್ತಿ ಬರುವುದಿಲ್ಲ, ಹತ್ತಾರು ಪಿಪಿಎಂ ಆಚೀಚೆ ನಿಲ್ಲುತ್ತದೆ. ಬೆಸುಗೆ ಹಾಕುವಾಗಲೂ ಇದೇ ಆಗುತ್ತದೆ. ಅದಕ್ಕೇ ಕ್ಯಾಲಿಬ್ರೇಷನ್ ಯಾವಾಗಲೂ ಬೆಸುಗೆ ಆದ ಮೇಲೆ, ಬೋರ್ಡ್ ಪೆಟ್ಟಿಗೆಯೊಳಗೆ ಸ್ಕ್ರೂ ಆದ ಮೇಲೆ.

ಒಳಗೆ ಏನಿದೆ

ಬ್ಯಾಂಡ್‌ಗ್ಯಾಪ್ ಅನ್ನುವುದು ಎಲ್ಲಕ್ಕಿಂತ ಸಾಮಾನ್ಯ. ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೇರೆ ಬೇರೆ ಕರೆಂಟ್ ಸಾಂದ್ರತೆಯಲ್ಲಿ ಓಡುವ ಎರಡು ಟ್ರಾನ್ಸಿಸ್ಟರ್‌ಗಳ ನಡುವಿನ ವ್ಯತ್ಯಾಸ ಮಾತ್ರ ಬಿಸಿಗೆ ಏರುತ್ತದೆ. ಏರುವುದನ್ನು ತಕ್ಕಷ್ಟು ದೊಡ್ಡದು ಮಾಡಿ ಇಳಿಯುವುದಕ್ಕೆ ಕೂಡಿಸಿದರೆ ಸುಮಾರು 1.25 ವೋಲ್ಟ್ ಹತ್ತಿರ ಎರಡೂ ಸರಿಹೋಗುತ್ತವೆ. 1970ರ ದಶಕದ ಶುರುವಿನಲ್ಲಿ ಬಾಬ್ ವಿಡ್ಲರ್, ಆಮೇಲೆ ಪಾಲ್ ಬ್ರೊಕಾ ಇದನ್ನು ಐಸಿಗಳಲ್ಲಿ ನೆಲೆಗೊಳಿಸಿದರು. ಟಿಎಲ್431ನಿಂದ ಹಿಡಿದು ಮೈಕ್ರೋಕಂಟ್ರೋಲರ್ ಒಳಗಿನ ರೆಫರೆನ್ಸ್‌ವರೆಗೆ ಇದೇ ತತ್ವ.

ಹೂತಿಟ್ಟ ಝೀನರ್ (ಚಿಪ್‌ನ ಮೇಲ್ಮೈ ಕೆಳಗೆ ಹುದುಗಿಸಿದ ಝೀನರ್ ಡಯೋಡ್) ಇನ್ನೊಂದು ಬಗೆ. ಸದ್ದು (ವೋಲ್ಟೇಜಿನ ಸಣ್ಣ ಕುಣಿತ, ಅಂದರೆ ನಾಯ್ಸ್) ಕಡಿಮೆ, ವಯಸ್ಸಿನ ಡ್ರಿಫ್ಟ್ ಕಡಿಮೆ, ಆದರೆ 7 ವೋಲ್ಟ್ ಸುತ್ತಮುತ್ತಲಿನದು, ಸಪ್ಲೈ ಅದಕ್ಕಿಂತ ಜಾಸ್ತಿ ಬೇಕು. ಎಲ್‌ಎಂ399, ಎಲ್‌ಟಿಝಡ್1000 ತಮ್ಮ ಜೊತೆ ಹೀಟರ್ ಇಟ್ಟುಕೊಂಡು ತಮ್ಮನ್ನು ತಾವೇ ಒಂದೇ ಬಿಸಿಯಲ್ಲಿ ಇಟ್ಟುಕೊಳ್ಳುತ್ತವೆ. ಪ್ರಯೋಗಾಲಯದ ಮೀಟರ್‌ಗಳಿಗೆ ಅವು. ಬ್ಯಾಟರಿಯಲ್ಲಿ ಓಡುವ ಸಾಧನಕ್ಕೆ ಯೋಚಿಸಲೂ ಬೇಡಿ.

ಮೈಕ್ರೋಕಂಟ್ರೋಲರ್ ಒಳಗಿನದನ್ನು ನಂಬಬಹುದಾ? ಊನೋದಲ್ಲಿರುವ ಎಟಿಮೆಗಾ328ಪಿಯ 1.1 ವೋಲ್ಟ್ ರೆಫರೆನ್ಸ್ 1.0ರಿಂದ 1.2ರ ನಡುವೆ ಎಲ್ಲಿದ್ದರೂ ಸರಿ ಅಂತ ಡೇಟಾಶೀಟೇ ಹೇಳುತ್ತದೆ, ಆಚೀಚೆ ಶೇಕಡಾ 9. ಆದರೆ ನಿಮ್ಮ ಕೈಲಿರುವ ಒಂದು ಚಿಪ್‌ನಲ್ಲಿ ಅದು ಇದ್ದ ಕಡೆಯೇ ಹೆಚ್ಚುಕಡಿಮೆ ಇರುತ್ತದೆ. ಒಮ್ಮೆ ಅಳೆದು ಬರೆದಿಟ್ಟುಕೊಂಡರೆ 10 ಬಿಟ್ ಕೆಲಸಕ್ಕೆ ಎಷ್ಟೋ ಸಲ ಅದೇ ಸಾಕು. ಹೊರಗಿನ ರೆಫರೆನ್ಸನ್ನು ಎಆರ್‌ಇಎಫ್ ಪಿನ್‌ಗೆ ಕೊಡುವುದಾದರೆ ಪ್ರೋಗ್ರಾಂನಲ್ಲಿ ‘ಎಕ್ಸ್‌ಟರ್ನಲ್’ ಅಂತ ಹೇಳುವುದನ್ನು ಮೊದಲ ಓದಿಗೂ ಮುಂಚೆ ಮಾಡಿ, ಇಲ್ಲದಿದ್ದರೆ ಒಳಗಿನದೂ ಹೊರಗಿನದೂ ಒಂದಕ್ಕೊಂದು ಡಿಕ್ಕಿ ಹೊಡೆದು ಚಿಪ್ ಹಾಳಾಗಬಹುದು.

ಎರಡು ಕಾಲಿನದಾ, ಮೂರು ಕಾಲಿನದಾ

ಶಂಟ್ ರೆಫರೆನ್ಸ್ ಝೀನರ್ ಥರ ಕೆಲಸ ಮಾಡುತ್ತದೆ, ಮೇಲಿಂದ ಒಂದು ರೆಸಿಸ್ಟರ್ ಬೇಕು. ಸೀರೀಸ್ ರೆಫರೆನ್ಸ್ ಸಣ್ಣ ರೆಗ್ಯುಲೇಟರ್ ಥರ, ಸಪ್ಲೈ ಕೊಟ್ಟರೆ ಸಾಕು. ನಿಖರತೆ ಬೇಕು ಅಂದರೆ ಸೀರೀಸ್‌ನಲ್ಲೇ ಆಯ್ಕೆ ಜಾಸ್ತಿ. ಸಪ್ಲೈ ತುಂಬ ಎತ್ತರ ಇದ್ದಾಗ, ಅಥವಾ ಮೈನಸ್ ರೆಫರೆನ್ಸ್ ಬೇಕಾದಾಗ ಶಂಟ್ ಅನುಕೂಲ.

ಶಂಟ್‌ನ ರೆಸಿಸ್ಟರ್ ಲೆಕ್ಕ ಒಮ್ಮೆ ಮಾಡಿಬಿಡೋಣ. 5 ವೋಲ್ಟ್ ಸಪ್ಲೈ, ಕೆಟ್ಟ ಕಾಲಕ್ಕೆ 4.75. ರೆಫರೆನ್ಸ್ 2.5 ವೋಲ್ಟ್‌ನ ಎಲ್‌ಎಂ4040. ಎಡಿಸಿ ಮತ್ತಿತರ ಭಾಗಗಳು ಎಳೆಯುವುದು ಹೆಚ್ಚೆಂದರೆ 0.5 ಮಿಲಿಆಂಪ್. ರೆಫರೆನ್ಸ್ ಎಚ್ಚರವಾಗಿರಲು 0.1 ಮಿಲಿಆಂಪ್ ಇಡೋಣ. 4.75ರಿಂದ 2.5 ಕಳೆದರೆ 2.25, ಅದನ್ನು 0.6 ಮಿಲಿಆಂಪ್‌ನಿಂದ ಭಾಗಿಸಿದರೆ 3.75 ಕಿಲೋಓಮ್. ಅದರ ಕೆಳಗಿನ ಸಿಗುವ ಬೆಲೆ 3.6 ಕಿಲೋಓಮ್ ಹಾಕಿ. ಈಗ ಇನ್ನೊಂದು ತುದಿ ನೋಡಿ: ಸಪ್ಲೈ 5.25, ಯಾರೂ ಕರೆಂಟ್ ಎಳೆಯುತ್ತಿಲ್ಲ, ಎಲ್ಲವೂ ರೆಫರೆನ್ಸ್‌ನಲ್ಲೇ ಹರಿಯುತ್ತದೆ, 0.76 ಮಿಲಿಆಂಪ್. ಅದು 15 ಮಿಲಿಆಂಪ್‌ವರೆಗೆ ತಡೆದುಕೊಳ್ಳುತ್ತದೆ, ಹಾಗಾಗಿ ಆರಾಮ. ಟಿಎಲ್431 ಹಾಕುವವರು ನೆನಪಿಡಿ, ಅದಕ್ಕೆ ಎಚ್ಚರವಾಗಿರಲು 1 ಮಿಲಿಆಂಪ್ ಬೇಕು. ಎಷ್ಟೋ ಸರ್ಕ್ಯೂಟ್‌ಗಳಲ್ಲಿ 2.5 ವೋಲ್ಟ್ ಯಾಕೋ ಸರಿಯಾಗಿ ಬರುತ್ತಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಎಷ್ಟು ವೋಲ್ಟಿನದು?

ಸಿಗ್ನಲ್ ಎಷ್ಟು ಎತ್ತರ ಹೋಗುತ್ತದೋ ಅದಕ್ಕಿಂತ ಸ್ವಲ್ಪ ಮೇಲೆ. 0–1 ವೋಲ್ಟ್ ಸಿಗ್ನಲ್‌ಗೆ 5 ವೋಲ್ಟ್ ರೆಫರೆನ್ಸ್ ಹಾಕಿದರೆ ಎಡಿಸಿಯ ಐದರಲ್ಲಿ ನಾಲ್ಕು ಪಾಲು ದಂಡ. ಹಾಗಂತ ರೆಫರೆನ್ಸನ್ನು ತೀರ ಕೆಳಗೆ ಇಳಿಸಿದರೆ ಒಂದು ಮೆಟ್ಟಿಲು ಎಡಿಸಿಯ ಸ್ವಂತ ಸದ್ದಿಗಿಂತ ಸಣ್ಣದಾಗುತ್ತದೆ, ಏನೂ ಲಾಭವಿಲ್ಲ. ಸಿಗ್ನಲನ್ನು ಆಪ್‌ಆಂಪ್‌ನಿಂದ ದೊಡ್ಡದು ಮಾಡಿ, 2.5 ಅಥವಾ 4.096 ಇಡುವುದೇ ಹೆಚ್ಚು ಸಲ ಸರಿ. 4.096 ಯಾಕೆ ಅಂದರೆ 12 ಬಿಟ್‌ನಲ್ಲಿ ಒಂದು ಮೆಟ್ಟಿಲು ಸರಿಯಾಗಿ 1 ಮಿಲಿವೋಲ್ಟ್, 2.048ಕ್ಕೆ ಅರ್ಧ ಮಿಲಿವೋಲ್ಟ್. ಪ್ರೋಗ್ರಾಂ ಬರೆಯುವವರಿಗೆ ಖುಷಿ. ರೆಫರೆನ್ಸ್ ಸಾಮಾನ್ಯವಾಗಿ ಎಡಿಸಿಯ ಸಪ್ಲೈ ಮೀರುವ ಹಾಗಿಲ್ಲ, ಮತ್ತೆ ಸೀರೀಸ್ ರೆಫರೆನ್ಸ್‌ಗೆ ತನ್ನ ತಲೆ ಮೇಲೆ ಒಂದಿಷ್ಟು ಜಾಗ ಬೇಕು. 5 ವೋಲ್ಟ್ ಸಪ್ಲೈಯಿಂದ 5 ವೋಲ್ಟ್ ರೆಫರೆನ್ಸ್ ಬರುವುದಿಲ್ಲ.

ಸದ್ದು

ಡೇಟಾಶೀಟ್‌ನಲ್ಲಿ 0.1ರಿಂದ 10 ಹರ್ಟ್ಸ್ ನಡುವಿನ ಸದ್ದು ಅಂತ ಒಂದು ಸಂಖ್ಯೆ ಇರುತ್ತದೆ. ಇದನ್ನು ಕೆಪಾಸಿಟರ್ ಹಾಕಿ ತೆಗೆಯಲು ಆಗುವುದಿಲ್ಲ, ಅಷ್ಟು ನಿಧಾನದ್ದು. ಆರ್‌ಇಎಫ್5025ರಲ್ಲಿ ಪ್ರತಿ ವೋಲ್ಟ್‌ಗೆ 3 ಮೈಕ್ರೋವೋಲ್ಟ್, ಅಂದರೆ 2.5ಕ್ಕೆ 7.5 ಮೈಕ್ರೋವೋಲ್ಟ್ ತುದಿಯಿಂದ ತುದಿಗೆ. 16 ಬಿಟ್‌ನ ಒಂದು ಮೆಟ್ಟಿಲು 38 ಮೈಕ್ರೋವೋಲ್ಟ್, ಹಾಗಾಗಿ ಕಾಣುವುದೇ ಇಲ್ಲ. 24 ಬಿಟ್‌ನಲ್ಲಿ ಒಂದು ಮೆಟ್ಟಿಲು 0.15 ಮೈಕ್ರೋವೋಲ್ಟ್, ಆಗ ಅದೇ ಸದ್ದು 50 ಮೆಟ್ಟಿಲು! ಅಂಥ ಕಡೆ ಎಲ್‌ಟಿಸಿ6655 ಥರದ್ದು ನೋಡಿ, ಅದರ ಸದ್ದು 0.25 ಪಿಪಿಎಂ.

ವೇಗದ ಸದ್ದನ್ನು ರೆಸಿಸ್ಟರ್-ಕೆಪಾಸಿಟರ್ ಫಿಲ್ಟರ್‌ನಿಂದ ತೆಗೆಯಬಹುದು. 1 ಕಿಲೋಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ 16 ಹರ್ಟ್ಸ್ ಮೇಲಿನದು ಇಳಿಯುತ್ತದೆ, ಆಮೇಲೆ ಆಪ್‌ಆಂಪ್ ಬಫರ್. ಆದರೆ ಆ ಜಾಗಕ್ಕೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬೇಡ. ಅದು 1 ಮೈಕ್ರೋಆಂಪ್ ಸೋರಿದರೆ 1 ಕಿಲೋಓಮ್ ಮೇಲೆ 1 ಮಿಲಿವೋಲ್ಟ್ ಬೀಳುತ್ತದೆ, 2.5 ವೋಲ್ಟ್‌ಗೆ 400 ಪಿಪಿಎಂ. ಬಿಸಿಯಾದಾಗ ಸೋರಿಕೆ ಇನ್ನೂ ಏರುತ್ತದೆ. ಸದ್ದು ತೆಗೆಯಲು ಹೋಗಿ ಡ್ರಿಫ್ಟ್ ತಂದುಕೊಂಡ ಹಾಗೆ. ಬಫರ್ ಆಪ್‌ಆಂಪ್ ಕೂಡ ಡಿಗ್ರಿಗೆ 1 ಮೈಕ್ರೋವೋಲ್ಟ್ ಸರಿದರೆ ಅದು ಡಿಗ್ರಿಗೆ 0.4 ಪಿಪಿಎಂ, ಲೆಕ್ಕಕ್ಕೆ ಸೇರಿಸಿ.

ಎಡಿಸಿಯ ಪಿನ್ ಸುಮ್ನೆ ಕೂರುವುದಿಲ್ಲ

ಡೇಟಾಶೀಟ್‌ನಲ್ಲಿ ರೆಫರೆನ್ಸ್ ಪಿನ್‌ನ ಸರಾಸರಿ ಕರೆಂಟ್ 100 ಮೈಕ್ರೋಆಂಪ್ ಅಂತ ನೋಡಿ ನೆಮ್ಮದಿಯಾಗಬೇಡಿ. ಎಸ್‌ಎಆರ್ ಬಗೆಯ ಎಡಿಸಿ ಪ್ರತಿ ಬಿಟ್ ತೀರ್ಮಾನಿಸುವಾಗಲೂ ಒಳಗಿನ ಕೆಪಾಸಿಟರ್‌ಗಳನ್ನು ರೆಫರೆನ್ಸ್‌ಗೆ ತಗುಲಿಸುತ್ತದೆ. ಪ್ರತಿ ಸಲ ಒಂದು ಚೂಪು ಕರೆಂಟ್, ನ್ಯಾನೋಸೆಕೆಂಡ್‌ಗಳಲ್ಲಿ ಮುಗಿಯುವಂಥದ್ದು. ಮುಂದಿನ ಬಿಟ್‌ನ ಹೊತ್ತಿಗೆ ಪಿನ್ ಮತ್ತೆ ಸರಿಯಾದ ವೋಲ್ಟೇಜಿಗೆ ಬಂದಿರಬೇಕು. ಇಷ್ಟು ವೇಗಕ್ಕೆ ಯಾವ ರೆಫರೆನ್ಸ್ ಐಸಿಯೂ ಓಡುವುದಿಲ್ಲ. ಆ ಕೆಲಸ ಮಾಡುವುದು ಪಿನ್ ಪಕ್ಕದ ಕೆಪಾಸಿಟರ್. ಅದು 10 ಮೈಕ್ರೋಫ್ಯಾರಡ್ ಸುತ್ತಮುತ್ತ ಇರಲಿ, ಎಕ್ಸ್7ಆರ್ ಅಥವಾ ಎಕ್ಸ್5ಆರ್ ಸೆರಾಮಿಕ್ ಇರಲಿ, ಪಿನ್‌ಗೆ ಅಂಟಿಕೊಂಡೇ ಇರಲಿ, ನಡುವೆ ವಯಾ (ಬೋರ್ಡಿನ ಪದರ ದಾಟುವ ತೂತು) ಬೇಡ. ಸಣ್ಣ ಗಾತ್ರದ ಸೆರಾಮಿಕ್ ಕೆಪಾಸಿಟರ್ ಮೇಲೆ ವೋಲ್ಟೇಜು ಬಿದ್ದಾಗ ಅದರ ಬೆಲೆ ಅರ್ಧಕ್ಕೂ ಇಳಿಯಬಹುದು, ಹಾಗಾಗಿ 6.3 ವೋಲ್ಟಿನ ಪುಟ್ಟದ್ದರ ಬದಲು 16 ವೋಲ್ಟಿನ ಸ್ವಲ್ಪ ದೊಡ್ಡದ್ದು ಹಾಕಿ.

ಈಗ ಹೊಸ ಸಮಸ್ಯೆ: ನಿಮ್ಮ ರೆಫರೆನ್ಸ್‌ಗೆ ಇಷ್ಟು ದೊಡ್ಡ ಕೆಪಾಸಿಟರ್ ಇಷ್ಟವಾ? ಕೆಲವು ಐಸಿಗಳಿಗೆ ಔಟ್‌ಪುಟ್‌ನಲ್ಲಿ ಕೆಪಾಸಿಟರ್ ಇರಲೇಬೇಕು, ಕೆಲವು ನಿರ್ದಿಷ್ಟ ಬೆಲೆಗಳ ನಡುವೆ ಮಾತ್ರ ನೆಟ್ಟಗಿರುತ್ತವೆ, ಟಿಎಲ್431 ಕೆಲವು ಬೆಲೆಗಳಲ್ಲಿ ಆಸಿಲೇಟರ್ ಆಗಿಬಿಡುತ್ತದೆ. ಡೇಟಾಶೀಟ್‌ನಲ್ಲಿ ಕೆಪಾಸಿಟರ್ ಬಗ್ಗೆ ಇರುವ ಆ ಒಂದು ಪ್ಯಾರಾವನ್ನು ಎರಡು ಸಲ ಓದಿ. ಆಸಿಲೋಸ್ಕೋಪ್ ಇದ್ದರೆ ಪಿನ್ ಮೇಲೆ ಇಟ್ಟು ನೋಡಿ. ಮಲ್ಟಿಮೀಟರ್ ಸರಾಸರಿ ತೋರಿಸಿ ‘ಎಲ್ಲ ಸರಿ ಇದೆ’ ಅನ್ನುತ್ತದೆ.

ಸಿಗ್ಮಾ-ಡೆಲ್ಟಾ ಅನ್ನುವ ಇನ್ನೊಂದು ಬಗೆಯ ಎಡಿಸಿ ಕೂಡ ಹೀಗೇ ಚೂರು ಚೂರಾಗಿ ಎಳೆಯುತ್ತದೆ, ಒಳಗೆ ಬಫರ್ ಇಲ್ಲದಿದ್ದರೆ ರೆಫರೆನ್ಸ್ ದಾರಿಯಲ್ಲಿ ನೀವು ಹಾಕಿದ ಫಿಲ್ಟರ್ ರೆಸಿಸ್ಟರ್ ನೇರವಾಗಿ ಗೇನ್ ತಪ್ಪಾಗುತ್ತದೆ (ಎಲ್ಲ ಓದೂ ಒಂದೇ ಪಾಲಿನಲ್ಲಿ ತಪ್ಪುವುದು). ಡ್ಯಾಕ್‌ನಲ್ಲಿ ಕಥೆ ಸ್ವಲ್ಪ ಬೇರೆ: ಆರ್-2ಆರ್ ಏಣಿ ಇರುವ ಎಷ್ಟೋ ಡ್ಯಾಕ್‌ಗಳು ನೀವು ಬರೆದ ಸಂಖ್ಯೆಗೆ ತಕ್ಕ ಹಾಗೆ ಬೇರೆ ಬೇರೆ ಕರೆಂಟ್ ಎಳೆಯುತ್ತವೆ. ರೆಫರೆನ್ಸ್ ಗಟ್ಟಿಯಾಗಿಲ್ಲದಿದ್ದರೆ ಅದು ಗೇನ್ ತಪ್ಪಾಗಿ ಬರುವುದಿಲ್ಲ, ಗೆರೆಯೇ ಸೊಟ್ಟಗಾಗುತ್ತದೆ. ಅದನ್ನು ಕ್ಯಾಲಿಬ್ರೇಟ್ ಮಾಡುವುದು ಕಷ್ಟ.

ಬೋರ್ಡ್ ಮೇಲೆ

ಮಾಮೂಲಿ 35 ಮೈಕ್ರಾನ್ ತಾಮ್ರದ ಟ್ರೇಸ್ ಪ್ರತಿ ಚೌಕಕ್ಕೆ ಸುಮಾರು ಅರ್ಧ ಮಿಲಿಓಮ್. 0.25 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ದಾರಿ ಅಂದರೆ 200 ಚೌಕ, 0.1 ಓಮ್. ಅದರಲ್ಲಿ 5 ಮಿಲಿಆಂಪ್ ಹರಿದರೆ ಅರ್ಧ ಮಿಲಿವೋಲ್ಟ್ ಕಳೆಯಿತು, 2.5 ವೋಲ್ಟ್‌ಗೆ 200 ಪಿಪಿಎಂ. ಡಿಗ್ರಿಗೆ 2 ಪಿಪಿಎಂನ ಐಸಿ ಹಾಕಿ ಹೀಗೆ ದಾರಿ ಎಳೆದರೆ ದುಡ್ಡು ದಂಡ. ಗ್ರೌಂಡ್ ಕಡೆಗೂ ಇದೇ ಲೆಕ್ಕ, ಜನ ಮರೆಯುವುದು ಅದನ್ನೇ. ರೆಫರೆನ್ಸ್‌ನ ಗ್ರೌಂಡ್ ಎಡಿಸಿಯ ಗ್ರೌಂಡ್ ಪಿನ್ ಹತ್ತಿರವೇ ಸೇರಲಿ, ರಿಲೇಯ ಕರೆಂಟ್ ಹರಿಯುವ ದಾರಿಯಲ್ಲಿ ಬೇಡ. ಸೆನ್ಸ್ ಪಿನ್ ಬೇರೆಯಾಗಿ ಇರುವ ಐಸಿ ಆದರೆ ಅದನ್ನು ಎಡಿಸಿಯ ಕಾಲಿನ ತನಕ ತಂದು ಜೋಡಿಸಿ.

ವೋಲ್ಟೇಜ್ ರೆಗ್ಯುಲೇಟರ್ ಪಕ್ಕ ಇಡಬೇಡಿ, ಬಿಸಿ. ಬೋರ್ಡ್ ಬಾಗುವ ಜಾಗ, ಸ್ಕ್ರೂ ಪಕ್ಕ ಇಡಬೇಡಿ, ಪ್ಲಾಸ್ಟಿಕ್ ಮೈ ಇರುವ ಐಸಿಯನ್ನು ಬಗ್ಗಿಸಿದರೆ ವೋಲ್ಟೇಜು ಬದಲಾಗುತ್ತದೆ. ತೀರ ನಿಖರ ಬೇಕಾದವರು ಐಸಿಯ ಮೂರು ಕಡೆ ಬೋರ್ಡಿನಲ್ಲಿ ಸೀಳು ಕೊಡುತ್ತಾರೆ.

ಒಂದು ಲೆಕ್ಕ

ಅಳತೆ ಬರೆದಿಡುವ 12 ಬಿಟ್ ಲಾಗರ್, ಒಟ್ಟು ತಪ್ಪು ಶೇಕಡಾ 0.1ರೊಳಗೆ, ಅಂದರೆ 1000 ಪಿಪಿಎಂ. ಒಳಗಿನ ತಾಪಮಾನ 0ಯಿಂದ 50. ಕ್ಯಾಲಿಬ್ರೇಷನ್ ಇಲ್ಲ. ಶುರುವಿನ ತಪ್ಪು ಶೇಕಡಾ 0.05 ಇರುವುದು, ಅಂದರೆ 500. ಡಿಗ್ರಿಗೆ 8 ಪಿಪಿಎಂ, 25ರಿಂದ ಆಚೀಚೆ 25 ಡಿಗ್ರಿ, 200. ವಯಸ್ಸಿಗೆ 100 ಇಡೋಣ, ಹಿಸ್ಟರಿಸಿಸ್ ಮತ್ತು ಬೆಸುಗೆಗೆ 50. ನೇರ ಕೂಡಿಸಿದರೆ 850. ಒಂದಕ್ಕೊಂದು ಸಂಬಂಧವಿಲ್ಲದವು ಅಂತ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ 550. ಎಡಿಸಿಯ ತಪ್ಪಿಗೆ, ಡಿವೈಡರ್ ರೆಸಿಸ್ಟರ್‌ಗಳ ತಪ್ಪಿಗೆ ಉಳಿದದ್ದರಲ್ಲೇ ಜಾಗ ಮಾಡಬೇಕು. ಇನ್‌ಪುಟ್‌ನಲ್ಲಿ ಶೇಕಡಾ 1ರ ರೆಸಿಸ್ಟರ್‌ಗಳ ಡಿವೈಡರ್ ಇದ್ದರೆ ಮೇಲಿನ ಲೆಕ್ಕವೆಲ್ಲ ನಗೆಪಾಟಲು, ಮೊದಲು ಅದನ್ನು ಬದಲಿಸಿ.

ಕ್ಯಾಲಿಬ್ರೇಟ್ ಮಾಡಿದರೆ 500 ಪೂರ್ತಿ ಹೋಗುತ್ತದೆ, ಬೆಸುಗೆಯದೂ ಹೋಗುತ್ತದೆ. ಆಗ ಇದಕ್ಕಿಂತ ಅಗ್ಗದ್ದೂ ನಡೆಯುತ್ತದೆ, ಡ್ರಿಫ್ಟ್ ಮಾತ್ರ 8 ಮೀರದಿರಲಿ.

ನನಗೆ ಆರಿಸಲು ಹೇಳಿದರೆ: 10 ಬಿಟ್‌ಗೆ ಎಲ್‌ಎಂ4040, ಡಿಗ್ರಿಗೆ 100 ಪಿಪಿಎಂ ಇದ್ದರೂ ಸಾಕು. 12ರಿಂದ 14 ಬಿಟ್‌ಗೆ ಆರ್‌ಇಎಫ್50 ಸಾಲಿನದು, ಅದರ ಒಳ್ಳೆ ಗ್ರೇಡ್‌ನಲ್ಲಿ ಡಿಗ್ರಿಗೆ ಗರಿಷ್ಠ 3. 16 ಬಿಟ್ ಮತ್ತು ಮೇಲೆ ಎಡಿಆರ್45 ಅಥವಾ ಎಲ್‌ಟಿಸಿ6655 ಸಾಲಿನ ಬಿ ಗ್ರೇಡ್, ಡಿಗ್ರಿಗೆ ಗರಿಷ್ಠ 2. ಒಂದೇ ಐಸಿ ಹೆಸರಲ್ಲಿ ಎರಡು ಮೂರು ಗ್ರೇಡ್ ಇರುತ್ತವೆ. ಹೆಸರಿನ ಕೊನೆಯ ಅಕ್ಷರ ನೋಡದೆ ಆರ್ಡರ್ ಮಾಡಬೇಡಿ.

ಬ್ಯಾಟರಿ ಉಳಿಸಲು ರೆಫರೆನ್ಸನ್ನು ಆಗಾಗ ಆಫ್ ಮಾಡುವವರು ಕಾಯುವ ಹೊತ್ತನ್ನೂ ಲೆಕ್ಕ ಹಾಕಿ. 10 ಮೈಕ್ರೋಫ್ಯಾರಡ್‌ಗೆ 5 ಮಿಲಿಆಂಪ್‌ನಲ್ಲಿ 2.5 ವೋಲ್ಟ್ ತುಂಬಲು 5 ಮಿಲಿಸೆಕೆಂಡ್. ನಡುವೆ ಫಿಲ್ಟರ್ ಇದ್ದರೆ 16 ಬಿಟ್ ಮಟ್ಟಕ್ಕೆ ನಿಲ್ಲಲು ಅದರ ಸಮಯದ 11 ಪಟ್ಟು ಬೇಕು, ಮೇಲೆ ಹೇಳಿದ 1 ಕಿಲೋಓಮ್ ಫಿಲ್ಟರ್‌ಗೆ 110 ಮಿಲಿಸೆಕೆಂಡ್. ಎದ್ದ ತಕ್ಷಣ ಓದಿದ ಮೊದಲ ಸಂಖ್ಯೆ ಯಾವಾಗಲೂ ಜಾಸ್ತಿ ಬರುತ್ತಿದೆ ಅಂದರೆ ಅನುಮಾನ ಮೊದಲು ಇಲ್ಲಿಗೆ ಹೋಗಲಿ. ರೆಫರೆನ್ಸ್ ಇನ್ನೂ ಪೂರ್ತಿ ಏರಿಲ್ಲ.

ಕೊನೆಗೆ, ಮಾಡಿದ ಬೋರ್ಡ್‌ನಲ್ಲಿ ತಪ್ಪು ರೆಫರೆನ್ಸ್‌ನದಾ ಬೇರೆಯದಾ ಅಂತ ಹುಡುಕುವ ಬಗೆ. ಇನ್‌ಪುಟ್ ಗ್ರೌಂಡ್‌ಗೆ ಶಾರ್ಟ್ ಮಾಡಿ ನೂರಾರು ಸಲ ಓದಿ, ಸಂಖ್ಯೆ ಎಷ್ಟು ಕುಣಿಯುತ್ತದೆ ನೋಡಿ. ಆಮೇಲೆ ಪೂರ್ತಿ ಅಳತೆಗೆ ಹತ್ತಿರದ ಒಂದು ಸ್ಥಿರ ವೋಲ್ಟೇಜು ಕೊಟ್ಟು ಅದನ್ನೇ ಮಾಡಿ. ಇದಕ್ಕೆ ಹೊಸ ಬ್ಯಾಟರಿ ಸೆಲ್ ಒಳ್ಳೆಯದು, ಅದರ ಸದ್ದು ಬಹಳ ಕಡಿಮೆ. ಸೊನ್ನೆಯಲ್ಲಿ ರೆಫರೆನ್ಸ್‌ನ ಸದ್ದು ಕಾಣುವುದೇ ಇಲ್ಲ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಮೇಲೆ ಹೋದಂತೆ ಕುಣಿತ ಜಾಸ್ತಿಯಾದರೆ ಅದು ರೆಫರೆನ್ಸ್‌ನದು, ಎರಡೂ ಕಡೆ ಒಂದೇ ಇದ್ದರೆ ಎಡಿಸಿಯದು ಅಥವಾ ಮುಂದಿನ ಆಪ್‌ಆಂಪ್‌ನದು. ಬಿಸಿಗೂ ಇದೇ ಪರೀಕ್ಷೆ: ಸೆಲ್ಲನ್ನು ದೂರ ಇಟ್ಟು, ಹೇರ್ ಡ್ರೈಯರ್‌ನಿಂದ ಬೋರ್ಡನ್ನು ಮಾತ್ರ ಮೆಲ್ಲಗೆ ಬಿಸಿ ಮಾಡಿ. ಸೊನ್ನೆ ಅಲ್ಲೇ ಇದ್ದು ಮೇಲಿನ ತುದಿ ಮಾತ್ರ ಸರಿದರೆ ರೆಫರೆನ್ಸ್, ಬಫರ್, ಇಲ್ಲವೇ ಡಿವೈಡರ್‌ನ ರೆಸಿಸ್ಟರ್‌ಗಳು. ಸೆಲ್ಲನ್ನು ಡಿವೈಡರ್ ತಪ್ಪಿಸಿ ನೇರ ಎಡಿಸಿಗೆ ಕೊಟ್ಟು ಇನ್ನೊಮ್ಮೆ ನೋಡಿ, ಆಗಲೂ ಅಷ್ಟೇ ಸರಿದರೆ ರೆಫರೆನ್ಸನ್ನೋ ಬಫರನ್ನೋ ಬದಲಿಸುವ ಹೊತ್ತು.